ಅನಸೂಯ ತಳ್ಳಿದ ಸೈಕಲ್ಲು

೨೦೦೧ರಲ್ಲಿ ಅಡ್ಯಾರಿನ ವರ್ತಕರು ಗಸ್ತಿಗೆಂದು ಪೊಲೀಸರಿಗೆ ಹತ್ತು ಸೈಕಲ್ ಕೊಡಿಸಿದರು. ಕಾನ್‌ಸ್ಟೆಬಲ್ ಅನಸೂಯಳಿಗೂ ಒಂದು ಬಂತು. ತನಗೆ ಸೈಕಲ್ ತುಳಿಯಲು ಬಾರದೆಂದು ಹದಿನೆಂಟು ವರ್ಷದ ನೌಕರಿಯಲ್ಲಿ ಹೇಳುವ ಪ್ರಸಂಗವೇ ಬಂದಿರಲಿಲ್ಲ. ಈಗ ಹೇಳಲು ನಾಚಿಕೆ. ತಿಂಗಳೆಲ್ಲ ಅದನ್ನು ತಳ್ಳಿಕೊಂಡೇ ಬೀದಿ ಸುತ್ತಿದಳು.

“ಏನಮ್ಮಾ, ಇವತ್ತೂ ಪಂಕ್ಚರಾ?” ಎಂದು ದಿನವೂ ತಮ್ಮ ಮನೆಯ ಗೇಟಿನ ಬಳಿ ಮಾತಿಗೆಳೆಯುತ್ತಿದ್ದ ಆ ಬೀದಿಯ ಅಂಬುಜಮ್ಮ, ಒಂದು ದಿನ ಪಕ್ಕದ ಮನೆಯ ಬೀಗವನ್ನು ಯಾರೋ ಅಲ್ಲಾಡಿಸಿದ್ದನ್ನೂ ಹೇಳಿದರು. ಆ ಸುಳಿವಿನಿಂದ ಕಳ್ಳ ಸಿಕ್ಕಿಬಿದ್ದ.

“ನಾವು ಸೈಕಲ್ ಕೊಟ್ಟಿದ್ದು ಸಾರ್ಥಕ!” ಎಂದು ವರ್ತಕರು ಅನಸೂಯಳಿಗೆ ಶಾಲು ಹೊದಿಸಿದರು. ಹೆಮ್ಮೆಪಡಬೇಕೋ ತಲೆತಗ್ಗಿಸಬೇಕೋ ಅವಳಿಗೆ ತಿಳಿಯಲಿಲ್ಲ.

“ಸರ್, ನನಗೆ ಸೈಕಲ್ಲೇ ಬರಲ್ಲ. ತಳ್ಕೊಂಡು ಹೋಗ್ತಿದ್ದಕ್ಕೇ ಅಂಬುಜಮ್ಮ ಮಾತಿಗೆ ಸಿಕ್ಕಿದ್ದು,” ಎಂದಳು ಇನ್‌ಸ್ಪೆಕ್ಟರಿಗೆ.

ಅವರೂ ತಬ್ಬಿಬ್ಬಾದರು. “ಕಲೀರಿ ಅನ್ನಲೋ ಬೇಡ ಅನ್ನಲೋ ನಂಗೂ ಗೊತ್ತಾಗ್ತಿಲ್ಲಮ್ಮ. ಸದ್ಯಕ್ಕೆ ತಳ್ಕೊಂಡೇ ಹೋಗಿ.”