ಜಾತಕಕ್ಕೆ ತೊಂಬತ್ತೇ ದಿನ

ಬೆಳಿಗ್ಗೆ ಆರು ಗಂಟೆ. ಸುಳ್ಯ ಕಡೆಯ ಪಂಜ ಪೇಟೆ ಇನ್ನೂ ಆಕಳಿಸುತ್ತಿದೆ. ಗೋದಾವರಿ ಅಕ್ಕ ಮಾತ್ರ ಆಗಲೇ ಟೈಪಿಂಗ್ ಅಂಗಡಿಯ ಶಟರ್ ಎತ್ತಿ, ಊದುಬತ್ತಿ ಹಚ್ಚಿ, ಕನ್ನಡಕ ಏರಿಸಿ ಕಂಪ್ಯೂಟರಿನೆದುರು ಕೂತಾಗಿದೆ. ಇವತ್ತು ಅವಧಿ ಮುಗಿಯುವ ಜಾತಕಗಳು ನಾಲ್ಕು. ಆ ನಾಲ್ಕು ಹುಡುಗಿಯರಿಗೂ ಕೆಲಸದ ಬಸ್ಸು ಹತ್ತುವ ಮೊದಲೇ ಫೋನ್ ಹೋಗಬೇಕು. "ಬಸ್ಸಲ್ಲಿ ಮಾತಾಡ್ಲಿಕ್ಕೆ ಆಗುದಿಲ್ಲ ಮಾರಾಯ್ರೆ. ಹಿಂದಿನ ಸೀಟಲ್ಲಿ ಅಪ್ಪನ ದೋಸ್ತಿ ಕೂತಿರ್ತಾರೆ!" ಎನ್ನುತ್ತಾರೆ ಅಕ್ಕ.

ಐವತ್ತೇಳರ ಗೋದಾವರಿ ಅಕ್ಕ ಮೂವತ್ತು ವರ್ಷದಿಂದ ಮದುವೆಯ ಜಾತಕ, ಬಯೋಡೇಟಾ ಟೈಪ್ ಮಾಡುತ್ತಾರೆ. ದಲ್ಲಾಳಿ ಎಂದಿರೋ, ಮುಗಿಯಿತು ನಿಮ್ಮ ಕಥೆ. ಹಿಂದೆಲ್ಲ ಒಂದು ಮರ್ಯಾದೆ ಇತ್ತು. ಸಂಬಂಧ ಕೂಡಿಬರದಿದ್ದರೆ ಜಾತಕವನ್ನೂ ಫೋಟೋವನ್ನೂ ಮನೆಗೇ ತಂದು ಹಿಂದೆ ಕೊಡುತ್ತಿದ್ದರು. "ಮೊಬೈಲಿಗೆ ಹೋದದ್ದನ್ನು ಯಾರು ಹಿಂದೆ ಕೊಡ್ತಾರೆ, ಹೇಳಿ?"

ಇದರ ಬಿಸಿ ತಟ್ಟಿದ್ದು ವಸುಮತಿಗೆ. ಇವರೇ ಟೈಪ್ ಮಾಡಿಕೊಟ್ಟ ಅವಳ ಬಯೋಡೇಟಾ ವಾಟ್ಸ್ಯಾಪಿನಲ್ಲಿ ಐದು ವರ್ಷ ಊರೂರು ಸುತ್ತಿ, ಒಂದು ದಿನ ಅವಳ ಗಂಡನ ಮನೆಗೇ ಸಂಬಂಧ ತಂದಿತು. ಫೋನ್ ಎತ್ತಿದ್ದು ಗಂಡ. ಹುಡುಗಿ ಇದ್ದಾಳಾ ಎಂದು ಕೇಳಿದವರಿಗೆ, "ಇದ್ದಾಳೆ, ಎರಡನೇ ಮಗುವಿಗೆ ಅನ್ನ ತಿನ್ನಿಸ್ತಾ ಇದ್ದಾಳೆ" ಎಂದನಂತೆ ಪುಣ್ಯಾತ್ಮ. ಗಂಡ ನಕ್ಕ, ಅತ್ತೆ ನಗಲಿಲ್ಲ. ವಸುಮತಿ ಅಂಗಡಿಗೆ ಬಂದು ಅತ್ತುಬಿಟ್ಟಳು. ಗೋದಾವರಿ ಅಕ್ಕನಿಗೆ ಆ ದಿನ ಊಟ ಸೇರಲಿಲ್ಲ.

ಮರುದಿನವೇ ಪಕ್ಕದ ಮೊಬೈಲ್ ಅಂಗಡಿಯ ನಶೀದಾಳ ಹತ್ತಿರ ಹೋಗಿ ಪಾಠಕ್ಕೆ ಕೂತರು. ಈಗ ಯಾರಿಗೂ ಫೈಲು ಕಳಿಸುವುದಿಲ್ಲ, ಲಿಂಕ್ ಮಾತ್ರ. ಹೆಸರು, ನಂಬರ್ ಕೊಟ್ಟವರಿಗೆ ತೊಂಬತ್ತು ದಿನ ತೆರೆಯುತ್ತದೆ, ಆಮೇಲೆ ಯಾರು ಒತ್ತಿದರೂ 'ಅವಧಿ ಮುಗಿದಿದೆ' ಎಂಬ ಒಂದೇ ಸಾಲು. ಸ್ಕ್ರೀನ್‌ಶಾಟ್ ಹೊಡೆದರೆ? "ಹೊಡೆಯಲಿ. ಫೋಟೋದ ಮೇಲೆ ನೋಡಿದವರ ಹೆಸರೇ ಅಡ್ಡಕ್ಕೆ ಬಂದಿರ್ತದೆ. ಹೇಗೂ ಕಳ್ಳ ಬರ್ತಾನೆ ಅಂತ ಬಾಗಿಲು ತೆರೆದಿಟ್ಟು ಮಲಗುದುಂಟಾ?"

ವಾರಕ್ಕೆ ಮೂರೋ ನಾಲ್ಕೋ ಹೊಸ ಜಾತಕ. ಸದ್ಯ ತೆರೆದಿರುವುದು ಅರವತ್ತೆರಡು. ಅವಧಿ ಮುಂದುವರಿಸಬೇಕಾದರೆ ಹುಡುಗಿಯೇ ಬಾಯಿಬಿಟ್ಟು ಹೇಳಬೇಕು. ಅಪ್ಪ, ಮಾವ, ದೊಡ್ಡಪ್ಪ ಯಾರ ಮಾತೂ ನಡೆಯದು. ಇದರಿಂದ ಕೈತಪ್ಪಿದ ಗಿರಾಕಿಗಳು ಎಷ್ಟೋ.

ಇವತ್ತು ಮೊದಲ ಫೋನ್ ತನ್ಮಯಿಗೆ. (ಹೆಸರು ಹಾಕಿ ಎಂದು ಆಮೇಲೆ ಅವಳೇ ಹೇಳಿದ್ದು.) ಕಡಬದ ಶಾಲೆಯೊಂದರಲ್ಲಿ ಟೀಚರ್. ಮೂರು ತಿಂಗಳಲ್ಲಿ ಹನ್ನೊಂದು ಮನೆಯವರು ಬಂದು, ಉಪ್ಪಿಟ್ಟು ತಿಂದು, ನೋಡಿ ಹೋಗಿದ್ದಾರೆ.

"ಲಿಂಕ್ ಇನ್ನೂ ತೆರೆದಿಡುದಾ ಮಗಾ, ಬೇಡವಾ?"

"ಬೇಡ ಅಕ್ಕ. ಸ್ವಲ್ಪ ಸಮಯ ಯಾರೂ ನನ್ನನ್ನು ನೋಡ್ಲಿಕ್ಕೆ ಬರುದು ಬೇಡ. ಮನೆಯಲ್ಲಿ ಹೇಳ್ಲಿಕ್ಕೆ ಧೈರ್ಯ ಇಲ್ಲ."

ಲಿಂಕ್ ಮುಚ್ಚಿತು. ಎಂಟು ಗಂಟೆಗೆ ಅವಳ ಅಪ್ಪ ರಾಮಪ್ರಸಾದರು ಸ್ಕೂಟರ್ ನಿಲ್ಲಿಸಿದ್ದೇ ತಡ, ಸಿಡಿದರು. "ಎಂತ ಇದು? ಭಾನುವಾರ ಪುತ್ತೂರಿನವರು ಬರುವವರಿದ್ದರು. ಫೋಟೋ ತೆರೆಯುದಿಲ್ಲ ಅಂತ ಫೋನ್ ಮಾಡಿದರು! ಈಗಲೇ ಪುನಃ ತೆರೆದು ಕೊಡಿ. ಇಲ್ಲದಿದ್ದರೆ ಸುಳ್ಯದಲ್ಲಿ ಬೇರೆ ಅಂಗಡಿ ಇಲ್ಲವಾ?"

"ಇದೆಯಲ್ಲ, ಧಾರಾಳ ಹೋಗಿ. ನಾನು ತೆರೆಯುದಿಲ್ಲ. ಮಗಳು ಬೇಡ ಅಂದಿದ್ದಾಳೆ."

"ನಿಮ್ಮತ್ರ ಹೇಳಿದಳಾ? ನನ್ನತ್ರ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ ಅಲ್ಲವಾ ಮಾರಾಯ್ರೆ."

ರಾಮಪ್ರಸಾದರು ಬೆಂಚಿನ ಮೇಲೆ ಕೂತರು. ಗೋದಾವರಿ ಅಕ್ಕ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು. ಅರ್ಧ ಕುಡಿದು ಅವರು ಮೊಬೈಲ್ ತೆಗೆದರು. ಮೊದಲು ಪುತ್ತೂರಿಗೆ ಫೋನ್ ಮಾಡಿ ಬರುವುದು ಬೇಡ ಎಂದರು. ಆಮೇಲೆ ಮಗಳಿಗೆ. "ಭಾನುವಾರ ಯಾರೂ ಬರುದಿಲ್ಲ ಮಗಾ. ನೀನು ಬೇಕಾದಷ್ಟು ಹೊತ್ತು ನಿದ್ದೆ ಮಾಡು." ಉಳಿದರ್ಧ ಕಾಫಿ ಮುಗಿಸಿ ಎದ್ದರು.

ಅವರು ಹೋದ ಮೇಲೆ ಗೋದಾವರಿ ಅಕ್ಕ ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತಾರೆ. "ನಾನು ಟೈಪ್ ಮಾಡಿದ ಜಾತಕದಿಂದ ಎಷ್ಟು ಮದುವೆ ಆಯಿತು ಅಂತ ಎಲ್ಲರೂ ಕೇಳ್ತಾರೆ. ಹುಡುಗಿ ಬೇಡ ಅಂದದ್ದಕ್ಕೆ ಎಷ್ಟು ಮುಚ್ಚಿದೆ ಅಂತ ಒಬ್ಬರಾದರೂ ಕೇಳಿದ್ದುಂಟಾ?"

ಎಷ್ಟು ಎಂದು ಕೇಳಿದರೆ, ಯಾವ ಪಟ್ಟಿಯನ್ನೂ ನೋಡದೆ ಹೇಳುತ್ತಾರೆ: "ಇವತ್ತಿನದ್ದು ಸೇರಿ ನೂರ ಹದಿನೇಳು."