ಅಕ್ಕಾರು ಅಂದ ಬಾಗಲಕೋಟಿ

ಇಳಕಲ್ಲಿನ ರಂಜಾನಬಿ ಕನ್ನಡ ಕಲಿತದ್ದು ಕೊಲೆಗಳ ಮೂಲಕ. ಶಾಲೆಯಲ್ಲಿ ಅವಳು ಓದಿದ್ದು ಉರ್ದು. ನರ್ಸಿಂಗ್ ತರಬೇತಿಗೆ ಸೇರುವ ಹೊತ್ತಿಗೆ ಕನ್ನಡ ಅಕ್ಷರಗಳ ಪರಿಚಯವಿತ್ತೇ ಹೊರತು ಓದಿಗೆ ಓಟ ಬಂದಿರಲಿಲ್ಲ. ಬಸ್ ಸ್ಟ್ಯಾಂಡಿನ ಎದುರಿಗೆ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆಗೆ ಕೊಡುವ ಅಂಗಡಿಯೊಂದಿತ್ತು. ಅಲ್ಲಿಂದ ಒಂದೊಂದನ್ನೇ ತಂದು, ಮೊದಲು ಕೊನೆಯ ಪುಟ ತೆರೆದು ಕೊಲೆಗಾರ ಯಾರೆಂದು ತಿಳಿದುಕೊಂಡು, ಆಮೇಲೆ ನಿಶ್ಚಿಂತೆಯಿಂದ ಮೊದಲ ಪುಟಕ್ಕೆ ಬರುತ್ತಿದ್ದಳು. ಗಂಡ ಫಕ್ರುಸಾಬ ನಕ್ಕರೆ, "ಯಾರು ಉಳೀತಾರ, ಯಾರು ಹೋಗ್ತಾರ ಅನ್ನೂದು ಗೊತ್ತಿಲ್ಲದ ಕುಂದ್ರೂದು ದವಾಖಾನ್ಯಾಗ ದಿನಾ ಇದ್ದದ್ದ. ಪುಸ್ತಕದಾಗೂ ಯಾಕ ಬೇಕು ಆ ಸಂಕಟ?" ಎನ್ನುತ್ತಿದ್ದಳು.

ಅವಳಿಗೆ ಕೆಲಸ ಸಿಕ್ಕಿದ್ದು ಕಮತಗಿಯ ಆರೋಗ್ಯ ಕೇಂದ್ರದಲ್ಲಿ. ದಿನಾ ಬೆಳಿಗ್ಗೆ ಇಳಕಲ್ಲಿನಲ್ಲಿ ಬಸ್ ಹಿಡಿಯುತ್ತಿದ್ದಳು. ಹುನಗುಂದದಲ್ಲಿ ಅದೇ ಬಸ್ಸಿಗೆ ಮಹೇಶ್ವರಿ ಎಂಬ ಶಿಕ್ಷಕಿ ಹತ್ತುತ್ತಿದ್ದರು. ಅವರೂ ಕಮತಗಿಗೇ ಹೋಗುವವರು, ಅಲ್ಲಿನ ಹೆಣ್ಣುಮಕ್ಕಳ ಶಾಲೆಗೆ. ಊರೆಲ್ಲ ಕರೆಯುವಂತೆ ರಂಜಾನಬಿಯೂ ಅವರನ್ನು ಅಕ್ಕಾರು ಎಂದೇ ಕರೆದಳು. ಒಂದು ದಿನ ಅಕ್ಕಾರು ಮಡಚಿದ ಪೇಪರೊಂದನ್ನು ಅವಳ ಕೈಗಿತ್ತು, "ಸಿಸ್ಟರ, ಬಸ್ಸಿನ್ಯಾಗ ಓದಿದ್ರ ನನಗ ಹೊಟ್ಟಿ ತೊಳಸ್ತೈತಿ. ಈ ಪದಬಂಧ ಒಂದೀಟು ಓದತೀರೇನ್ರಿ? ನಾ ಕಣ್ಣ ಮುಚ್ಚಿ ಹೇಳ್ತೇನಿ, ನೀವು ಬರೀರಿ" ಎಂದರು.

ಅಂದು ಶುರುವಾದದ್ದು ಇಬ್ಬರೂ ನಿವೃತ್ತರಾಗುವ ತನಕ ನಡೆಯಿತು. ಅದು ಬರೀ ಅರ್ಥ ಕೇಳುವ ಪದಬಂಧವಲ್ಲ, ಮಾತಿನೊಳಗೆ ಮಾತು ಮುಚ್ಚಿಡುವ ಗೂಢ ಪದಬಂಧ. ವರ್ಷಕ್ಕೊಮ್ಮೆ ಪೇಪರಿನವರು ಅದನ್ನು ಪತ್ತೇದಾರಿ ವಿಶೇಷವೆಂದು ತರುತ್ತಿದ್ದರು. ಆ ದಿನ ರಂಜಾನಬಿಗೆ ಹಬ್ಬ. ಒಮ್ಮೆ ಉತ್ಸಾಹದಲ್ಲಿ ಬಸ್ಸಿಗೆಲ್ಲ ಕೇಳುವಂತೆ, "ಶವವನ್ನು ತಿರುಗಿಸಿದರೆ ಪೊಲೀಸರ ಕೈಗೆ ಬಂತು!" ಎಂದು ಓದಿಬಿಟ್ಟಳು. ಮುಂದಿನ ಸೀಟಿನಲ್ಲಿದ್ದ ಗುರಪ್ಪ ಎಂಬ ರೈತ ಗಾಬರಿಯಾಗಿ ತಿರುಗಿ, "ಯಾವೂರಾಗ್ರೀ ಸಿಸ್ಟರ? ಯಾರ ಪೈಕಿ?" ಎಂದ. ಅಕ್ಕಾರು ಕಣ್ಣು ತೆರೆಯದೆಯೇ, "ವಶ" ಎಂದರು. "ಶವ ಅನ್ನೂದನ್ನ ಹಿಂದಿನಿಂದ ಓದ್ರಿ. ವಶ." ಗುರಪ್ಪ ಕಮತಗಿಯವರೆಗೂ ಇಬ್ಬರನ್ನೂ ಅನುಮಾನದಿಂದಲೇ ನೋಡಿದ.

ನಡುವೆ ಜಗಳವೂ ಆಗುತ್ತಿತ್ತು, ಪದಬಂಧ ಕಟ್ಟುವವರ ಮೇಲೆ. ಅವರು 'ಬೀಗ' ಎಂದು ಬರೆಸಿದರೆ ರಂಜಾನಬಿಗೆ ಸಿಟ್ಟು. "ಬೀಗ ಅಂದ್ರ ಮಗಳನ್ನ ಕೊಟ್ಟಾಂವ. ಬಾಗಲಕ್ಕ ಹಾಕೂದು ಕೀಲಿ. ಈ ಬೆಂಗಳೂರ ಮಂದಿ ಬೀಗರನ್ನ ತಗೊಂಡು ಬಾಗಲಕ್ಕ ಜೋತು ಹಾಕ್ತಾರಲ್ರೀ!" ಅಕ್ಕಾರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

ನಿವೃತ್ತಿಯಾದ ಮೇಲೆ ಫೋನಿನಲ್ಲಿ ಮಾತು ಇತ್ತು, ಮದುವೆ ಮುಂಜಿಗಳಲ್ಲಿ ಭೇಟಿ ಇತ್ತು. ಪದಬಂಧ ಮಾತ್ರ ತಾನಾಗಿ ನಿಂತುಹೋಯಿತು. ಹೀಗಿರಲು ಒಂದು ಬೇಸಿಗೆಯಲ್ಲಿ ಅಕ್ಕಾರ ಮಗಳು ಪದ್ಮಶ್ರೀ ಫೋನು ಮಾಡಿ ಅತ್ತಳು. ಅವ್ವನಿಗೆ ಲಕ್ವಾ ಹೊಡೆದಿತ್ತು.

ಜೀವಕ್ಕೆ ಅಪಾಯವಾಗಲಿಲ್ಲ. ಬಲಗೈ ಸೋತಿತು, ಕಾಲು ನಿಧಾನವಾಗಿ ಸುಧಾರಿಸಿತು. ಕೆಟ್ಟದ್ದು ಮಾತು. ಎದುರಿನವರು ಹೇಳಿದ್ದು ಬಹುಪಾಲು ತಿಳಿಯುತ್ತಿತ್ತು. ಆದರೆ ತಾವು ಹೇಳಹೊರಟ ಪದ ಬಾಯಿಗೆ ಬರುವಷ್ಟರಲ್ಲಿ ಬೇರೆ ಯಾವುದೋ ಆಗಿಬಿಡುತ್ತಿತ್ತು. ನೀರು ಬೇಕಾದಾಗ 'ಸೋಮವಾರ' ಎನ್ನುವರು. ತಪ್ಪೆಂದು ಅವರಿಗೇ ಗೊತ್ತಾಗಿ ಕಣ್ಣು ತುಂಬುವುದು. ಆಮೇಲೆ ಬಾಯಿ ತೆರೆಯುವುದನ್ನೇ ಕಡಿಮೆ ಮಾಡಿದರು. ಒಂದು ಮಾತನ್ನು ಮಾತ್ರ ದಿನಾ ಸಂಜೆ ಬಿಡದೆ ಹೇಳುತ್ತಿದ್ದರು: "ಬಾಗಲಕೋಟಿ."

ಗಂಡ ಶಂಕರಲಿಂಗ ಹುನಗುಂದದ ಕೋರ್ಟಿನಲ್ಲಿ ಟೈಪಿಸ್ಟರಾಗಿದ್ದವರು, ಮೆತ್ತಗಿನ ಮನುಷ್ಯ. ಹೆಂಡತಿ ಬಾಗಲಕೋಟೆಯ ದೊಡ್ಡ ಡಾಕ್ಟರನ್ನು ಕೇಳುತ್ತಿದ್ದಾಳೆ ಎಂದುಕೊಂಡು ಕಾರು ಮಾಡಿಸಿ ಎರಡು ಸಲ ಕರೆದುಕೊಂಡು ಹೋದರು. ಎರಡು ಸಲವೂ ಅಕ್ಕಾರು ದಾರಿಯುದ್ದಕ್ಕೂ ತಲೆ ಅಲ್ಲಾಡಿಸುತ್ತ ಅತ್ತರು. ವಾಪಸು ಬಂದ ಸಂಜೆಯೇ ಮತ್ತೆ, "ಬಾಗಲಕೋಟಿ."

ರಂಜಾನಬಿ ನೋಡಲು ಬರುತ್ತಿದ್ದಳು. ಬಂದವಳಿಗೆ ನರ್ಸಿನ ಕೆಲಸಗಳೇ ಕಾಣುತ್ತಿದ್ದವು: ಬೆನ್ನು ನೋಡುವುದು, ಬೆರಳು ತಿಕ್ಕುವುದು, ಮಾತ್ರೆ ಸರಿಯಾಗಿ ಕೊಡುತ್ತಿದ್ದಾರೆಯೇ ಎಂದು ಕೇಳುವುದು. ಅಷ್ಟಾದ ಮೇಲೆ ಮಾಡಲು ಬೇರೇನೂ ಉಳಿಯುತ್ತಿರಲಿಲ್ಲ. ಒಂದು ರವಿವಾರ ಇಳಕಲ್ ಬಸ್ ಸ್ಟ್ಯಾಂಡಿನಲ್ಲಿ ಪೇಪರು ಕೊಂಡಾಗ ಪತ್ತೇದಾರಿ ವಿಶೇಷ ಕಣ್ಣಿಗೆ ಬಿತ್ತು. ಮಾತು ಕಳೆದುಕೊಂಡವರ ಮುಂದೆ ಪದಬಂಧ ಹಿಡಿದರೆ ಗಾಯದ ಮೇಲೆ ಉಪ್ಪು ಹಾಕಿದಂತಾದೀತೋ ಏನೋ ಎಂದು ಬಸ್ಸಿನುದ್ದಕ್ಕೂ ಅಂಜಿದಳು. ಆದರೂ ಒಯ್ದಳು.

"ಅಕ್ಕಾರ, ನಾ ಓದ್ತೇನಿ. ನೀವು ಸುಮ್ನ ಕೇಳ್ರಿ. ಹೇಳಾಕ ಬ್ಯಾಡ" ಎಂದು ಹಾಸಿಗೆಯ ಅಂಚಿಗೆ ಕುಳಿತಳು. "ಟೈಪಿಸ್ಟನ ಕೆಲಸ, ಕಳ್ಳನ ಗುರುತು. ನಾಕು ಅಕ್ಷರ."

ಎಂದೂ ಪದಬಂಧದ ಗೊಡವೆಗೆ ಹೋಗದ ಶಂಕರಲಿಂಗ ಕುರ್ಚಿಯಿಂದ ಅರ್ಧ ಎದ್ದರು. "ಬೆರಳಚ್ಚು! ಬೆರಳಚ್ಚುಗಾರ ಅಂತನ ನನ್ನ ಆರ್ಡರಿನ್ಯಾಗ ಬರದಿದ್ರು!" ಅಕ್ಕಾರು ಗಂಡನನ್ನು ಆಶ್ಚರ್ಯದಿಂದ ನೋಡಿದರು. ಲಕ್ವಾ ಹೊಡೆದ ಮೇಲೆ ಆ ಮುಖದ ಮೇಲೆ ಅಂಥ ನಗು ಬಂದದ್ದು ಅದೇ ಮೊದಲು.

ರಂಜಾನಬಿಗೆ ಧೈರ್ಯ ಬಂತು. "ಈ ವಿಷಯದಲ್ಲಿ ಅಡಗಿ ಕೂತಿದೆ ಕೊಲೆಗಾರನ ಆಯುಧ. ಎರಡಕ್ಷರ." ಪೇಪರನ್ನು ಅವರ ಎದುರಿಗೆ ಹಿಡಿದಳು. ಅಕ್ಕಾರು ಬಹಳ ಹೊತ್ತು ನೋಡಿದರು. ತುಟಿ ಆಡಿತು, ಆದರೆ ಮಾತು ಹೊರಡಲಿಲ್ಲ. ಆಮೇಲೆ ಎಡಗೈಯನ್ನು ಮೆಲ್ಲಗೆ ಎತ್ತಿ 'ವಿಷಯದಲ್ಲಿ' ಎಂಬ ಪದದ ಮೇಲೆ ಹೆಬ್ಬೆರಳನ್ನು ಇಟ್ಟರು. ಮೊದಲ ಎರಡಕ್ಷರ ಬಿಟ್ಟು ಉಳಿದದ್ದೆಲ್ಲ ಹೆಬ್ಬೆರಳಿನ ಕೆಳಗೆ ಮುಚ್ಚಿಹೋಯಿತು.

"ವಿಷ!" ಎಂದಳು ರಂಜಾನಬಿ. "ಅಕ್ಕಾರ, ನಿಮ್ಮ ತಲಿಯಾಗ ಎಲ್ಲಾ ಐತಿ. ಬಾಯಿ ಅಷ್ಟ ಅಡ್ಡ ಬರಾಕತ್ತೈತಿ."

ಅಕ್ಕಾರ ಕಣ್ಣಿಂದ ನೀರಿಳಿಯಿತು. ಮೂವರೂ ಪದಬಂಧದ ಇನ್ನೂ ಕೆಲವು ಮನೆಗಳನ್ನು ತುಂಬಿದರು. ಅಷ್ಟರಲ್ಲಿ ಹೊರಗೆ ಬಿಸಿಲು ಇಳಿಯಿತು. ಅಕ್ಕಾರು ತಲೆ ಎತ್ತಿ, "ಬಾಗಲಕೋಟಿ" ಎಂದರು.

ಶಂಕರಲಿಂಗ ನಿಟ್ಟುಸಿರು ಬಿಟ್ಟರು. ರಂಜಾನಬಿಯ ಕಣ್ಣಿನ ಮುಂದೆ ಮಾತ್ರ ಆ ಹೆಬ್ಬೆರಳು ಇನ್ನೂ ಇತ್ತು. ಅದನ್ನು ತಾನೇ ಮನಸ್ಸಿನಲ್ಲಿ 'ಕೋಟಿ'ಯ ಮೇಲೆ ಇಟ್ಟು ನೋಡಿದಳು. ಉಳಿದದ್ದು 'ಬಾಗಲ'.

ದಡಕ್ಕನೆ ಎದ್ದು ಪಡಸಾಲೆಗೆ ಹೋದಳು. ಹಾಸಿಗೆಗೆ ನೇರವಾಗಿದ್ದ ಬೀದಿ ಬಾಗಿಲನ್ನು ಧೂಳು ಬರಬಾರದೆಂದು, ಹೋಗಿಬರುವವರು ಇಣುಕಬಾರದೆಂದು, ಅಕ್ಕಾರು ದವಾಖಾನೆಯಿಂದ ಬಂದ ದಿನದಿಂದ ಮುಚ್ಚಿಯೇ ಇಟ್ಟಿದ್ದರು. ರಂಜಾನಬಿ ಚಿಲಕ ತೆಗೆದು ಎರಡೂ ಕದಗಳನ್ನು ಗೋಡೆಗೆ ತಾಗುವಂತೆ ತೆರೆದಳು. ಬೀದಿಯ ಸದ್ದು, ಗಾಳಿ, ಬೆಳಕು ಒಟ್ಟಿಗೆ ಒಳಗೆ ಬಂದವು. ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಎದುರು ಮನೆಯ ಶಾರವ್ವ ನಿಂತು, "ಅಕ್ಕಾರ! ಆರಾಮ ಅದೀರೇನ್ರಿ?" ಎಂದು ಕೂಗಿದಳು.

ಅಕ್ಕಾರು ಎಡಗೈ ಎತ್ತಿ ಬೀಸಿದರು. ಬೀಸುತ್ತಲೇ ಇದ್ದರು.

ಶಂಕರಲಿಂಗ ಗೋಡೆಗೆ ಆತು ನಿಂತರು. "ಬಾಗಲಾ ತಗೀರಿ ಅನ್ನಾಕತ್ತಿದ್ಲು. ನಾ ಆಕಿನ್ನ ಬಾಗಲಕೋಟಿಗೆ ಕರಕೊಂಡ ಹೋದ್ನಲ್ರೀ ಸಿಸ್ಟರ, ಎರಡ ಸರತಿ" ಎಂದರು. "ಇರಲಿ ಬಿಡ್ರಿ ಅಣ್ಣಾರ. ಅಕ್ಕಾರ ಪದಬಂಧ ಬಿಡಸೂದು ನನಗೂ ಇವತ್ತ ತಿಳೀತು" ಎಂದಳು ರಂಜಾನಬಿ.

ಅಂದಿನಿಂದ ಅವಳು ಪ್ರತಿ ರವಿವಾರ ಪೇಪರು ಹಿಡಿದು ಬರತೊಡಗಿದಳು. ಅಕ್ಕಾರ ಎಲ್ಲ ಮಾತೂ ಬಿಡಿಸಲು ಬಂತೆಂದಲ್ಲ. 'ಚಕ್ಕಡಿ' ಎಂದಾಗ, ಎತ್ತಿನ ಗಾಡಿಯನ್ನಂತೂ ಕೇಳಿರಲಾರರೆಂದು, ಚಕ್ಕಲಿ ತಂದುಕೊಟ್ಟಳು. ಅಕ್ಕಾರು ಅಲ್ಲವೆಂದು ತಲೆ ಆಡಿಸಿ, ಆದರೂ ಒಂದು ತಿಂದರು. ಆ ಚಕ್ಕಡಿ ಏನೆಂದು ಯಾರಿಗೂ ತಿಳಿಯಲಿಲ್ಲ.

ಶಂಕರಲಿಂಗರಿಗೆ ಒಂದು ಮಾತಿನ ಮೇಲೆ ಮಾತ್ರ ಬಹಳ ಭರವಸೆ. ಅಕ್ಕಾರು ಆಗಾಗ "ಕೂಡಲಸಂಗಮ" ಎನ್ನುತ್ತಿದ್ದರು. ಬಸವಣ್ಣನಲ್ಲಿ ಅಪಾರ ಭಕ್ತಿಯ ಶಂಕರಲಿಂಗ ಅದನ್ನು ಕೇಳಿದೊಡನೆ ಕೈಮುಗಿದು, "ನೋಡ್ರಿ, ಎಲ್ಲಾ ಮರತರೂ ದೇವರನ್ನ ಮರತಿಲ್ಲ" ಎನ್ನುವರು. ಹಾಗೆನ್ನುವಾಗ ಶಂಕರಲಿಂಗರ ಮುಖ ಅರಳುತ್ತಿತ್ತು.

ಮಳೆಗಾಲದ ಒಂದು ಸಂಜೆ ಬಸ್ಸಿಗೆ ಹೊತ್ತಾಯಿತೆಂದು ರಂಜಾನಬಿ ಚೀಲ ಎತ್ತಿಕೊಂಡಳು. "ಕೂಡಲಸಂಗಮ" ಎಂದರು ಅಕ್ಕಾರು. ಹಿಂದಿನ ವಾರವೂ ಅವಳು ಚೀಲ ಎತ್ತಿದಾಗಲೇ ಆ ಮಾತು ಬಂದಿತ್ತು, ಅದರ ಹಿಂದಿನ ವಾರವೂ. ರಂಜಾನಬಿ ನಿಂತು ಅವರ ಮುಖ ನೋಡಿದಳು. ಅವರು ಕೇಳುತ್ತಿದ್ದುದು ದೇವರನ್ನಲ್ಲ. ಕೂಡ್ರು, ಇನ್ನೊಂದಿಷ್ಟು ಹೊತ್ತು ಕುಳಿತುಕೋ ಎನ್ನುತ್ತಿದ್ದರು.

ಹೇಳಲು ಬಾಯಿ ತೆರೆದಳು. ಆದರೆ ಆ ಕಡೆ ಶಂಕರಲಿಂಗ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದರು. ಚೀಲವನ್ನು ಕೆಳಗಿಟ್ಟು ಮತ್ತೆ ಹಾಸಿಗೆಯ ಅಂಚಿಗೆ ಕುಳಿತು, "ಹಿಂದ ಇನ್ನೊಂದು ಬಸ್ ಐತಿ ಬಿಡ್ರಿ" ಎಂದಳು. ಅಕ್ಕಾರು ಅವಳ ಕೈ ಹಿಡಿದುಕೊಂಡರು.

ಈಗ ಅಕ್ಕಾರು ಸಣ್ಣ ಸಣ್ಣ ವಾಕ್ಯ ಆಡುತ್ತಾರೆ. ನೀರನ್ನು ನೀರೆನ್ನುತ್ತಾರೆ, ಬಾಗಿಲನ್ನು ಬಾಗಿಲೆನ್ನುತ್ತಾರೆ. ಹೆಸರುಗಳು ಮಾತ್ರ ಇನ್ನೂ ಹಿಡಿತಕ್ಕೆ ಬಂದಿಲ್ಲ. ಸಿಸ್ಟರ ಎನ್ನಲೂ ಆಗುವುದಿಲ್ಲ, ರಂಜಾನಬಿ ಎನ್ನಲೂ ಆಗುವುದಿಲ್ಲ. ಅವಳು ಹೊಸ್ತಿಲು ದಾಟಿದೊಡನೆ ದೊಡ್ಡ ದನಿಯಲ್ಲಿ, "ಬಾ, ರವಿವಾರ!" ಎನ್ನುತ್ತಾರೆ.

"ಬಂದ್ನಿರಿ ಅಕ್ಕಾರ" ಎನ್ನುತ್ತಾಳೆ ರಂಜಾನಬಿ.