ರೇಷ್ಮೆ ಬೆಟ್ಟಗಳ ಬೆನ್ನ ಹಿಂದೆ

ಬೆಳಗಿನ ಆರೂವರೆ. ಹ್ಯಾಂಬರ್ಗ್ ಬಂದರಿನ ಪಕ್ಕದ ಹಳೆಯ ಗೋದಾಮಿನ ಮೂರನೇ ಮಹಡಿಯಲ್ಲಿ ಶ್ರೀದೇವಿ ಗೋಧಿ ಗಂಜಿ ಸೋಸುತ್ತಿದ್ದಾರೆ. ಕುಡಿಯುವುದಕ್ಕಲ್ಲ, ಅಂಟಿಗೆ. ಎದುರಿನ ಮೇಜಿನ ಮೇಲೆ ಚೀನಾದ ಮುನ್ನೂರು ವರ್ಷ ಹಳೆಯ ರೇಷ್ಮೆ ಚಿತ್ರ ಬೋರಲಾಗಿ ಮಲಗಿದೆ. ಬೆಟ್ಟ, ಮಂಜು, ಜಲಪಾತ ಎಲ್ಲ ಕೆಳಗೆ; ಇವರಿಗೆ ಕಾಣುವುದು ಬೆನ್ನು ಮಾತ್ರ. ಹಿಂದೆ ಯಾರೋ ಅಂಟಿಸಿದ ಕಾಗದವನ್ನು ತೇವ ಮಾಡಿ, ಬೆರಳ ತುದಿಯಿಂದ ಉಜ್ಜಿ ತೆಗೆಯಬೇಕು. ದಿನಕ್ಕೆ ಒಂದು ಗೇಣು ಸಾಗಿದರೆ ಹೆಚ್ಚು.

"ಅವಸರ ಮಾಡಿದ್ರ ಕಾಗದದ ಜೋಡಿ ಬೆಟ್ಟಾನೂ ಕಿತ್ತು ಬರ್ತೈತ್ರಿ," ಎಂದು ನಗುತ್ತಾರೆ.

ಗುಳೇದಗುಡ್ಡದ ನೇಕಾರರ ಮಗಳು. ಪತಿ ರವಿಶಂಕರ ಇಲ್ಲಿ ವಿಮಾನ ಎಂಜಿನಿಯರ್. ಹನ್ನೆರಡು ವರ್ಷದ ಹಿಂದೆ ಬಂದಾಗ ಭಾಷೆ ಬರುತ್ತಿರಲಿಲ್ಲ, ಇಲ್ಲಿ ನಡೆಯುವ ಸರ್ಟಿಫಿಕೇಟೂ ಇರಲಿಲ್ಲ. ಹಳೆಯ ಚಿತ್ರಗಳ ಈ ದುರಸ್ತಿ ಕಾರ್ಯಾಗಾರದಲ್ಲಿ ಸಿಕ್ಕಿದ್ದು ನೆಲ ಒರೆಸಿ ಕುಂಚ ತೊಳೆಯುವ ಮಿನಿಜಾಬ್, ಅಂದರೆ ಕಡಿಮೆ ಸಂಬಳದ ಅರೆಕಾಲಿಕ ಕೆಲಸ. ಎರಡು ವರ್ಷ ಅದನ್ನೇ ಮಾಡಿದರು.

ಒಂದು ಬೆಳಿಗ್ಗೆ ಒಡತಿ ಹೈಕೆ ಚಿತ್ರವೊಂದರ ಬೆನ್ನಿಗೆ ಹೊಸ ಕಾಗದ ಅಂಟಿಸಲು ಅಣಿಯಾಗಿದ್ದರು. ಬಕೆಟ್ ಹಿಡಿದು ಹೋಗುತ್ತಿದ್ದ ಶ್ರೀದೇವಿ ನಿಂತುಬಿಟ್ಟರು. ಅಂಗೈಯಗಲದ ಒಂದು ರೇಷ್ಮೆ ತುಣುಕಿನ ಎಳೆಗಳು ಬೇರೆ ದಿಕ್ಕಿಗಿದ್ದವು.

"ಹಾಸಿನ ಎಳಿ ಉದ್ದಕ ಇರಬೇಕ್ರಿ. ಅಲ್ಲಿ ಅಡ್ಡ ಇತ್ತು. ಮಗ್ಗದ ಮನ್ಯಾಗ ಬೆಳೆದಾಕಿಗೆ ಅದು ಕಣ್ಣಿಗೆ ಚುಚ್ಚತೈತಿ. ಹೇಳಲೋ ಬ್ಯಾಡೋ ಅನ್ಕೋತ ಬಕೆಟ್ ಕೆಳಗಿಟ್ಟೆ. ಕೆಲಸ ಹೋದ್ರ ಹೋಗಲಿ ಅಂತ 'ಫಾಲ್ಶ್, ತಪ್ಪೈತಿ' ಅಂದುಬಿಟ್ಟೆ."

ಹೈಕೆ ಭೂತಗನ್ನಡಿ ತಂದರು. ಬಹಳ ಹೊತ್ತು ನೋಡಿದರು. ಶತಮಾನದ ಹಿಂದೆ ದುರಸ್ತಿ ಮಾಡಿದವರು ಹರಿದ ತುಣುಕನ್ನು ಅಡ್ಡ ತಿರುಗಿಸಿ ಅಂಟಿಸಿದ್ದರು. ಅದನ್ನು ಬಿಡಿಸಿ ನೇರ ಕೂರಿಸಿದಾಗ, ಎಲ್ಲರೂ ಮುರಿದ ಮರವೆಂದುಕೊಂಡಿದ್ದು ಎರಡು ಬಂಡೆಗಳ ನಡುವಿನ ಸೇತುವೆಯಾಯಿತು. ಕಡಿದುಹೋಗಿದ್ದ ಕಾಲುದಾರಿ ಕೂಡಿಕೊಂಡಿತು. ಹೈಕೆ ತಮ್ಮ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದರು. ಮರುದಿನದಿಂದ ನೆಲ ಒರೆಸಲು ಬೇರೆಯವರು ಬಂದರು.

ಅಲ್ಲಿಂದೀಚೆಗೆ ಅರವತ್ತೊಂದು ಚಿತ್ರಗಳು ಇವರ ಕೈ ದಾಟಿವೆ. ಮ್ಯೂಸಿಯಂ ಗೋಡೆಯ ಯಾವ ಫಲಕದಲ್ಲೂ ಇವರ ಹೆಸರಿಲ್ಲ. "ಬರದವನ ಹೆಸರ ಎಷ್ಟೋ ಚಿತ್ರಕ್ಕ ಗೊತ್ತಿಲ್ಲ, ನಂದೇನ್ರಿ," ಎನ್ನುತ್ತಾರೆ. ಹದಿನಾಲ್ಕರ ಮಗಳು ಕೀರ್ತಿ ಮಾತ್ರ ಗೆಳತಿಯರನ್ನು ಮ್ಯೂಸಿಯಂಗೆ ಕರೆದೊಯ್ದು, ಆ ಸೇತುವೆ ಅಮ್ಮ ಕಂಡುಹಿಡಿದಿದ್ದು ಎಂದು ಜರ್ಮನ್‌ನಲ್ಲಿ ಹೇಳಿಕೊಳ್ಳುತ್ತಾಳಂತೆ.

ಮುಂದಿನ ತಿಂಗಳು ಒಂಬತ್ತು ಮೀಟರ್ ಉದ್ದದ ಸುರುಳಿ ಚಿತ್ರ ಬರಲಿದೆ. ಮೊದಲ ಬಾರಿಗೆ ಪೂರ್ತಿ ಹೊಣೆ ಶ್ರೀದೇವಿಯದೇ. ಎರಡು ವರ್ಷದ ಕೆಲಸ.

"ಅದರಾಗ ಒಂದ ನದಿ ಐತಂತ್ರಿ, ಈ ತುದಿಯಿಂದ ಆ ತುದಿ ತನಕ. ಹೈಕೆ ಫೋಟೋ ತೋರಸಾಕ ಬಂದ್ರು, ಬ್ಯಾಡ ಅಂದೆ. ಎಲ್ಲಿಗೆ ಹೋಗಿ ಮುಟ್ಟತೈತೋ, ನಾ ನಿಧಾನಕ್ಕ ನೋಡ್ಕೋತ ಹೋಗಬೇಕು."